ಒಂದೇ ಎಲಿಜಬೆತ್ ರೀಡ್, ನಾಲ್ಕು ಸಲ: ಆಲ್ಮನ್ ಬ್ರದರ್ಸ್ ಲೈವ್ ಆಲ್ಬಂಗಳ ಹೋಲಿಕೆ

ಅಮೆರಿಕದ ರಾಕ್ ತಂಡ ಆಲ್ಮನ್ ಬ್ರದರ್ಸ್ ಬ್ಯಾಂಡಿನ ಯಾವ ಲೈವ್ ಆಲ್ಬಂ ಕೇಳಲಿ ಅಂತ ಯಾರನ್ನೇ ವಿಚಾರಿಸಿ, ‘ಅಟ್ ಫಿಲ್‌ಮೋರ್ ಈಸ್ಟ್’ ಅಂತಾರೆ. ನಾನೂ ವರ್ಷಗಟ್ಟಲೆ ಹಾಗೇ ಹೇಳಿಕೊಂಡು ಬಂದವನು. ಈಚೆಗೆ ಒಂದು ವಾರ, ರಾತ್ರಿ ಊಟ ಮುಗಿದ ಮೇಲೆ ಅದೇ ಹೆಡ್‌ಫೋನು ಹಾಕಿಕೊಂಡು, ಅವರ ಒಂದೇ ರಚನೆಯನ್ನು ನಾಲ್ಕು ಬೇರೆ ಬೇರೆ ಕಾಲದ ಕಛೇರಿಗಳಲ್ಲಿ ಹಿಂದೆ ಮುಂದೆ ಮಾಡಿ ಕೇಳಿದೆ. ಆಮೇಲೆ ಅಷ್ಟು ಧೈರ್ಯವಾಗಿ ಹೇಳಲು ಆಗುತ್ತಿಲ್ಲ.

ಆರಿಸಿಕೊಂಡದ್ದು ‘ಇನ್ ಮೆಮೊರಿ ಆಫ್ ಎಲಿಜಬೆತ್ ರೀಡ್’. ಇದರಲ್ಲಿ ಹಾಡುಗಾರಿಕೆ ಇಲ್ಲ, ಬರೀ ವಾದ್ಯ. ಬರೆದವನು ಗಿಟಾರಿಸ್ಟ್ ಡಿಕಿ ಬೆಟ್ಸ್. ಹೆಸರು ಸಿಕ್ಕಿದ್ದು ಜಾರ್ಜಿಯಾದ ಮೇಕನ್ ಊರಿನ ರೋಸ್ ಹಿಲ್ ಸ್ಮಶಾನದ ಒಂದು ಗೋರಿಕಲ್ಲಿನ ಮೇಲೆ. ನಾಲ್ಕೂ ಧ್ವನಿಮುದ್ರಣಗಳಲ್ಲಿ ಬೆಟ್ಸ್ ಇದ್ದಾನೆ. ಬದಲಾದದ್ದು ಅವನ ಪಕ್ಕ ನಿಂತವರು. ಹೋಲಿಕೆಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಮೊದಲು 1971ರ ಮಾರ್ಚ್, ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್. ಸುಮಾರು 13 ನಿಮಿಷ. ಬೆಟ್ಸ್ ಗಿಟಾರಿನ ವಾಲ್ಯೂಮ್ ಗುಂಡಿಯನ್ನು ತಿರುಗಿಸುತ್ತಾ ಪಿಟೀಲಿನಂತೆ ಸ್ವರಗಳನ್ನು ಉಬ್ಬಿಸುತ್ತಾನೆ. ಆಮೇಲೆ ಡ್ವೇನ್ ಆಲ್ಮನ್ ಜೊತೆಗೂಡಿ ಎರಡು ಗಿಟಾರುಗಳು ಒಂದೇ ಉಸಿರಿನಲ್ಲಿ ಪಲ್ಲವಿ ಹಿಡಿಯುತ್ತವೆ. ಬೆಟ್ಸ್ ಸರದಿ, ಗ್ರೆಗ್ ಆಲ್ಮನ್‌ನ ಹ್ಯಾಮಂಡ್ ಆರ್ಗನ್ ಸರದಿ, ಕೊನೆಗೆ ಡ್ವೇನ್. ಡ್ವೇನ್ ಎಂದರೆ ಎಲ್ಲರಿಗೂ ನೆನಪಾಗುವುದು ಔಷಧದ ಗಾಜಿನ ಸೀಸೆ ಬೆರಳಿಗೆ ತೊಟ್ಟು ನುಡಿಸುವ ಸ್ಲೈಡ್. ಇಲ್ಲಿ ಅದನ್ನು ಮುಟ್ಟುವುದೇ ಇಲ್ಲ, ಬರಿ ಬೆರಳಲ್ಲೇ ತಂತಿ ಒತ್ತುತ್ತಾನೆ. ನಿಧಾನವಾಗಿ ಶುರುಮಾಡಿ, ಇನ್ನು ಮೇಲೆ ಹೋಗಲಾರ ಅನ್ನುವಾಗ ಇನ್ನೂ ಒಂದು ಮೆಟ್ಟಿಲು ಹತ್ತುತ್ತಾನೆ. ಇದನ್ನು ಅಳೆಯಲು ಕೂತರೆ ನನಗೇ ನಗು ಬರುತ್ತದೆ. ಅದೇ ವರ್ಷದ ಅಕ್ಟೋಬರ್ 29ರಂದು ಮೇಕನ್‌ನಲ್ಲಿ ಬೈಕ್ ಅಪಘಾತದಲ್ಲಿ ಅವನು ಹೋದ. ವಯಸ್ಸು 24. ಒಂದು ವರ್ಷ ಕಳೆಯುತ್ತಿದ್ದಂತೆ, 1972ರ ನವೆಂಬರ್ 11ಕ್ಕೆ, ಬೇಸ್ ವಾದಕ ಬೆರಿ ಓಕ್ಲಿ. ಅದೂ ಬೈಕ್, ಅದೇ ಊರು, ಅವನಿಗೂ 24.

ಎರಡನೆಯದು 1973ರ ಸೆಪ್ಟೆಂಬರ್, ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್. ಇದು ಸಿಗುವುದು ‘ವೈಪ್ ದ ವಿಂಡೋಸ್, ಚೆಕ್ ದ ಆಯಿಲ್, ಡಾಲರ್ ಗ್ಯಾಸ್’ ಎಂಬ ಆಲ್ಬಂನಲ್ಲಿ. ಪೆಟ್ರೋಲ್ ಬಂಕಿನ ಬೋರ್ಡಿನಂಥ ಹೆಸರು. ಬಂದದ್ದು 1976ರಲ್ಲಿ, ಬ್ಯಾಂಡು ಒಡೆದ ಮೇಲೆ. ಉಳಿಕೆ ಟೇಪು ಗುಡಿಸಿ ಮಾಡಿದ ಆಲ್ಬಂ ಅಂತ ನಾನೂ ಇದನ್ನು ಬಹಳ ದಿನ ಪಕ್ಕಕ್ಕಿಟ್ಟಿದ್ದೆ. ಅದು ನನ್ನ ತಪ್ಪು.

ಡ್ವೇನ್ ಹೋದಮೇಲೆ ಇವರು ಇನ್ನೊಬ್ಬ ಗಿಟಾರಿಸ್ಟನನ್ನು ತರಲಿಲ್ಲ. ಇಪ್ಪತ್ತು ವರ್ಷದ ಚಕ್ ಲೆವೆಲ್ ಎಂಬ ಹುಡುಗನನ್ನು ಪಿಯಾನೋಗೆ ಕೂರಿಸಿದರು. ಬೇಸಿಗೆ ಲಮಾರ್ ವಿಲಿಯಮ್ಸ್ ಬಂದ. ಬುಚ್ ಟ್ರಕ್ಸ್ ಮತ್ತು ಜೈಮೋ, ಆ ಇಬ್ಬರು ಡ್ರಮ್ಮರುಗಳು ಹಾಗೇ ಉಳಿದರು. ಮೊದಲ ಸಲ ಕೇಳುವಾಗ ಪಲ್ಲವಿಯಲ್ಲಿ ಕಿವಿ ಎರಡನೇ ಗಿಟಾರಿಗಾಗಿ ಕಾಯುತ್ತದೆ. ಆ ಜಾಗದಲ್ಲಿ ಕೀಬೋರ್ಡ್ ಬಂದಾಗ ಹಲ್ಲು ಬಿದ್ದ ಜಾಗಕ್ಕೆ ನಾಲಗೆ ಹೋದಂತಾಗುತ್ತದೆ. ಮೂರನೇ ರಾತ್ರಿಗೆ ನನಗೆ ಆ ಕಾಯುವಿಕೆ ಬಿಟ್ಟುಹೋಯಿತು. ಲೆವೆಲ್ ಡ್ವೇನ್‌ನ ಒಂದು ಪಲುಕನ್ನೂ ಅನುಕರಿಸುವುದಿಲ್ಲ. ಅವನದು ಜಾಝಿನ ಕಡೆಗೆ ವಾಲಿದ, ನೀರು ಚಿಮ್ಮಿಸಿದಂಥ ಕೈ. ಬೆಟ್ಸ್‌ಗೆ ಈಗ ಎದುರಾಳಿ ಇಲ್ಲ, ಹಾಗಾಗಿ ಅವನ ನುಡಿಕೆಯಲ್ಲಿ ಪೈಪೋಟಿ ಹೋಗಿ ಹೊಣೆ ಬಂದಿದೆ. ಸುಮಾರು 17 ನಿಮಿಷದಲ್ಲಿ ಒಂದೆರಡು ಕಡೆ ಸಡಿಲವಾಗುತ್ತದೆ, ನಿಜ. ಡ್ರಮ್ಸ್ ಭಾಗ ಫಿಲ್‌ಮೋರಿನಷ್ಟು ಬಿಗಿ ಇಲ್ಲ. ಆದರೂ ನಾನು ಮತ್ತೆ ಮತ್ತೆ ಹಾಕಿಕೊಂಡದ್ದು ಇದನ್ನೇ.

1992ರದು ಬೇಗ ಮುಗಿಯಿತು. ಅಕೂಸ್ಟಿಕ್ ಗಿಟಾರುಗಳಲ್ಲಿ ಬೆಟ್ಸ್ ಮತ್ತು ವಾರೆನ್ ಹೇನ್ಸ್ ನುಡಿಸಿದ್ದು, 1995ರ ‘ಸೆಕೆಂಡ್ ಸೆಟ್’ ಆಲ್ಬಂನಲ್ಲಿದೆ. ಚೊಕ್ಕಟವಾಗಿದೆ, ಅಡುಗೆ ಮಾಡುವಾಗ ಹಿನ್ನೆಲೆಗೆ ಚೆನ್ನ. ಆ ಆಲ್ಬಂಗೆ ಗ್ರ್ಯಾಮಿ ತಂದುಕೊಟ್ಟದ್ದು ಇವರದೇ ಇನ್ನೊಂದು ವಾದ್ಯ ರಚನೆ ‘ಜೆಸಿಕಾ’, ಇದಲ್ಲ. ಕೇಳಿದರೆ ಕಾರಣ ತಿಳಿಯುತ್ತದೆ.

ನಾಲ್ಕನೆಯದು 2000ದ ಮಾರ್ಚ್, ನ್ಯೂಯಾರ್ಕಿನ ಬೀಕನ್ ಥಿಯೇಟರ್, ‘ಪೀಕಿನ್ ಅಟ್ ದ ಬೀಕನ್’. ಅರ್ಧ ಗಂಟೆಗೆ ಹತ್ತಿರ ಹೋಗುತ್ತದೆ. ಬೆಟ್ಸ್ ಪಕ್ಕದಲ್ಲಿ ಬುಚ್ ಟ್ರಕ್ಸ್‌ನ ಸಹೋದರನ ಮಗ ಡೆರೆಕ್ ಟ್ರಕ್ಸ್. ತಂತಿ ಮೀಟುವ ಪಿಕ್ ಇಲ್ಲದೆ ಬೆರಳಲ್ಲೇ ನುಡಿಸುವವನು, ಆಗಿನ್ನೂ 20 ವರ್ಷ. ಬೇಸಿಗೆ ಓಟೀಲ್ ಬರ್ಬ್ರಿಜ್. ಬಿಡಿಬಿಡಿಯಾಗಿ ನೋಡಿದರೆ ಎಲ್ಲರೂ ಪಂಡಿತರೇ. ಒಟ್ಟಿಗೆ ಕೇಳಿದಾಗ ಮಾತ್ರ, ಒಬ್ಬನ ಸರದಿ ಮುಗಿಯಲಿ ಅಂತ ಇನ್ನೊಬ್ಬ ಕಾಯುತ್ತಿದ್ದಾನೆ ಅನಿಸಿತು. ಆ ಮೇ ತಿಂಗಳಲ್ಲೇ ಬೆಟ್ಸ್ ಬ್ಯಾಂಡಿನಿಂದ ಹೊರಬಿದ್ದ. ಆ ಸಂಗತಿ ಗೊತ್ತಿರುವುದರಿಂದಲೇ ನನ್ನ ಕಿವಿಗೆ ಬಿರುಕು ಕೇಳಿಸಿತೋ ಏನೋ, ಅದನ್ನೂ ಒಪ್ಪಿಕೊಳ್ಳಬೇಕು. ಹೊಸ ಹುಡುಗ ಡೆರೆಕ್‌ನನ್ನು ನೆಮ್ಮದಿಯಾಗಿ ಕೇಳಬೇಕಾದರೆ ಬೆಟ್ಸ್ ಇಲ್ಲದ, 2003ರಲ್ಲಿ ಅದೇ ಬೀಕನ್‌ನಲ್ಲಿ ಹೇನ್ಸ್ ಜೊತೆ ನುಡಿಸಿದ ‘ಒನ್ ವೇ ಔಟ್’ ವಾಸಿ. ಅದರಲ್ಲಿ ಎಲಿಜಬೆತ್ ರೀಡ್ ಇಲ್ಲ, ಹಾಗಾಗಿ ಈ ಪಂದ್ಯಕ್ಕೆ ಸೇರಿಸಲಿಲ್ಲ.

ಇನ್ನೂ ಕೇಳದವರು ಫಿಲ್‌ಮೋರನ್ನೇ ಮೊದಲು ಕೇಳಿ, ಅದಕ್ಕೆ ತಕರಾರಿಲ್ಲ. ಆದರೆ ಅದಾದ ಕೂಡಲೇ ವಿಂಟರ್‌ಲ್ಯಾಂಡ್ ಹಾಕಬೇಡಿ. ಒಂದು ವಾರ ಬಿಡಿ. ಡ್ವೇನ್‌ನ ಸ್ವರ ಕಿವಿಯಿಂದ ಇಳಿಯದೆ ಆ ಪಿಯಾನೋ ಹುಡುಗನಿಗೆ ಜಾಗ ಸಿಗುವುದಿಲ್ಲ.