ಗಾರ್ಸಿನಿಯಾ ಕ್ಯಾಪ್ಸೂಲ್: ವರ್ಷಕ್ಕೂ ಹೆಚ್ಚು ಬಳಸಿದ ಮೇಲೆ

ಐದಕ್ಕೆ ಎರಡು ಸ್ಟಾರ್. ತೂಕ ಇಳಿಸೋಕೆ ಅಂತ ಮಾರುವ ಗಾರ್ಸಿನಿಯಾ ಕ್ಯಾಂಬೋಜಿಯಾ ಬೇರೇನೂ ಅಲ್ಲ, ನಮ್ಮ ಮಲೆನಾಡಿನ ಹುಳಿ ಹಣ್ಣು ಉಪ್ಪಾಗೆ. ಶಿರಸಿ ಕಡೆ ಇದರ ಬೀಜದಿಂದ ತುಪ್ಪ ತೆಗೆಯುತ್ತಾರೆ. ಕೊಡಗಿನವರು ಅಡುಗೆಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿಯೂ ಇದೇ ಹಣ್ಣಿನದು.

ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೇ ಇಲ್ಲಿ ಮುಖ್ಯ. ಡಬ್ಬಿ ಮೇಲೆ ಎಚ್‌ಸಿಎ ಅಂತ ಇರುತ್ತದೆ. ಜಾಸ್ತಿ ತಿಂದ ಅನ್ನ, ಸಕ್ಕರೆಯನ್ನು ದೇಹ ಕೊಬ್ಬು ಮಾಡಿಟ್ಟುಕೊಳ್ಳುತ್ತದಲ್ಲ, ಆ ಕೆಲಸದ ಒಂದು ಕಿಣ್ವವನ್ನು ಇದು ತಡೆಯುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ 1998ರಲ್ಲಿ ಅಮೆರಿಕದಲ್ಲಿ 135 ಜನರಿಗೆ ಪಥ್ಯದ ಊಟ ಕೊಟ್ಟು 12 ವಾರ ನೋಡಿದರು. ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ ತಗೊಂಡವರು ಸರಾಸರಿ 3.2 ಕೆಜಿ ಇಳಿದರು. ಔಷಧಿಯೇ ಇಲ್ಲದ ಮಾತ್ರೆ ನುಂಗಿದವರು 4.1 ಕೆಜಿ! ಇಳಿಸಿದ್ದು ಪಥ್ಯ ಅಲ್ವಾ?

ನನಗೂ ಹಾಗೇ ಆಯಿತು. ಮೊದಮೊದಲು ಸಂಜೆಯ ಹಸಿವು ಸ್ವಲ್ಪ ತಗ್ಗಿತು. ದಾವಣಗೆರೆಯಲ್ಲಿ ಸಂಜೆ ಅಂದರೆ ಮಂಡಕ್ಕಿ, ಮೆಣಸಿನಕಾಯಿ. ಅದನ್ನು ಬಿಟ್ಟು ಬೆಳಿಗ್ಗೆ ಕುಂದವಾಡ ಕೆರೆ ಸುತ್ತ ನಡೆದ ತಿಂಗಳುಗಳಲ್ಲಿ ತೂಕ ಇಳಿಯಿತು. ಮಳೆಗಾಲದಲ್ಲಿ ವಾಕಿಂಗ್ ನಿಂತಿತು, ಕ್ಯಾಪ್ಸೂಲ್ ನಿಲ್ಲಲಿಲ್ಲ. ತೂಕ ಮತ್ತೆ ಏರಿತು. ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಬೇಕಿರಲಿಲ್ಲ.

ಖಾಲಿ ಹೊಟ್ಟೆಗೆ ತಗೊಂಡರೆ ಎದೆ ಉರಿಯುತ್ತಿತ್ತು. ಅದು ಸಣ್ಣದು. ದೊಡ್ಡ ವಿಷಯ ಲಿವರ್‌ದು. ಗಾರ್ಸಿನಿಯಾ ಇರುವ ಮಾತ್ರೆ ತಗೊಂಡು ಲಿವರ್ ಕೆಟ್ಟ ಪ್ರಕರಣಗಳು ಬೇರೆ ಬೇರೆ ದೇಶಗಳಲ್ಲಿ ವರದಿಯಾಗಿವೆ. ನಮ್ಮ ಡಾಕ್ಟರು ಎಲ್‌ಎಫ್‌ಟಿ, ಅಂದರೆ ಲಿವರ್‌ನ ರಕ್ತ ಪರೀಕ್ಷೆ ಮಾಡಿಸಿದರು, ನನ್ನದು ಸರಿಯಾಗಿತ್ತು. ಲಿವರ್ ತೊಂದರೆ ಇರುವವರು, ಬಸುರಿಯರು, ಹಾಲೂಡಿಸುವವರು ಇದನ್ನು ಮುಟ್ಟಲೇಬೇಡಿ. ಶುಗರ್ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಹಣ್ಣಿನದು, ಏನೂ ಆಗಲ್ಲ ಅನ್ನುವ ಮಾತು ನಂಬಬೇಡಿ. ಸಾರಿಗೆ ಎರಡು ಸಿಪ್ಪೆ ಹಾಕುವುದು ಬೇರೆ, ಸತ್ವ ಹಿಂಡಿ ದಿನವೂ ನುಂಗುವುದು ಬೇರೆ.

ಲೇಬಲ್ ಕೂಡ ಓದಿ. ನನ್ನ ಕ್ಯಾಪ್ಸೂಲ್ 500 ಮಿಲಿಗ್ರಾಂ, ಅದರಲ್ಲಿ ಶೇ 60 ಎಚ್‌ಸಿಎ. ಅಂದರೆ ಒಂದರಲ್ಲಿ 300 ಮಿಲಿಗ್ರಾಂ, ದಿನಕ್ಕೆ ಎರಡಾದರೆ 600. ಆ ಅಧ್ಯಯನದ ಅರ್ಧವೂ ಇಲ್ಲ! ಹಾಗಂತ ಜಾಸ್ತಿ ನುಂಗಿ ಅಂತ ಹೇಳುತ್ತಿಲ್ಲ, 1500 ತಗೊಂಡವರಿಗೇ ಲಾಭ ಆಗಿಲ್ಲ. ಆದರೂ ಜಾಹೀರಾತಿನಲ್ಲಿ ತಿಂಗಳಿಗೆ ಹತ್ತು ಕೆಜಿ ಇಳಿಯುತ್ತದೆ ಅಂತಾರೆ. ಕಷ್ಟಪಟ್ಟು ದುಡಿದ ದುಡ್ಡು ಕೊಟ್ಟು ಇದನ್ನು ತರಿಸುವವರನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ನಾನು ಮತ್ತೆ ತರಿಸಿಲ್ಲ. ಒಣಗಿದ ಉಪ್ಪಾಗೆ ಸಿಪ್ಪೆಯನ್ನು ಶಿರಸಿಯಿಂದ ಅತ್ತಿಗೆ ಕಳಿಸುತ್ತಾರೆ, ಹುಣಸೆ ಬದಲು ಅದನ್ನೇ ಸಾರಿಗೆ ಹಾಕುತ್ತೇನೆ. ರುಚಿಗೆ ಮಾತ್ರ.