ಹತ್ತನೆಯ ತರಗತಿಯ ಗಣಿತಕ್ಕೆ ದೀಕ್ಷಾವೋ, ಚಾಟ್‌ಜಿಪಿಟಿಯೋ?

ಮನೆಗೊಂದೇ ಮೊಬೈಲ್ ಇರುವ ಇಂಡಿ, ಸಿಂದಗಿ ಕಡೆಯ ಮಕ್ಕಳಿಗೆ ನಾನು ಮೊದಲು ಸೂಚಿಸುವುದು 2017ರಲ್ಲಿ ಆರಂಭವಾದ ಸರ್ಕಾರಿ ಕಲಿಕಾ ಆ್ಯಪ್ ದೀಕ್ಷಾವನ್ನು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆಯಾ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ, ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ನೋಡಬಹುದು. ಆದರೆ ಸಿದ್ಧ ವಿಡಿಯೊ ಮಗುವಿನ ಸಂದೇಹವನ್ನು ಕೇಳಿಸಿಕೊಳ್ಳುವುದಿಲ್ಲ.

2022ರ ನವೆಂಬರ್‌ನಲ್ಲಿ ಬಂದ ಚಾಟ್‌ಜಿಪಿಟಿ ಕನ್ನಡದಲ್ಲಿಯೇ ಉತ್ತರಿಸುತ್ತದೆ. ಮೊತ್ತ 5, ಗುಣಲಬ್ಧ 6 ಆಗುವ ಸಂಖ್ಯೆಗಳನ್ನು ಕೇಳಿದರೆ 2 ಮತ್ತು 3 ಎಂದು ಕೂಡಲೇ ಬರೆದುಕೊಡುತ್ತದೆ. ಮಗು ಅದನ್ನು ನಕಲು ಮಾಡಿ ನೋಟ್‌ಬುಕ್ ಮುಚ್ಚಿದರೆ ಕಲಿಕೆ ಅಲ್ಲಿಗೇ ನಿಂತಿತು. 2025ರ ಜುಲೈನಲ್ಲಿ ಸೇರಿಸಿದ ಸ್ಟಡಿ ಮೋಡ್ ಮಾತ್ರ ‘6ರ ಅಪವರ್ತನಗಳು ಯಾವುವು?’ ಎಂಬಂಥ ಮರುಪ್ರಶ್ನೆಗಳ ಮೂಲಕ ಹೆಜ್ಜೆಹೆಜ್ಜೆಯಾಗಿ ನಡೆಸುತ್ತದೆ. ಅದರ ಉತ್ತರವೂ ತಪ್ಪಬಹುದಾದ್ದರಿಂದ, ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಶಿಕ್ಷಕರು ಪಕ್ಕದಲ್ಲಿರುವಾಗ ಬಳಸುವುದೇ ಸರಿ.