ವ್ಯಾಕರಣ ಮೊದಲೋ, ಮಾತು ಮೊದಲೋ? ಇಂಗ್ಲಿಷ್ ಕಲಿಸುವ ನಾಲ್ಕು ಪದ್ಧತಿಗಳ ದೀರ್ಘಕಾಲದ ಬಳಕೆಯ ವಿಮರ್ಶೆ

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಸುವಾಗ ಯಾವ ಪದ್ಧತಿ ಅನ್ನುವುದಕ್ಕಿಂತ, ಒಂದು ತಾಸಿನ ಪಾಠದಲ್ಲಿ ವ್ಯಾಕರಣ ಎಲ್ಲಿ ಬರುತ್ತದೆ ಅನ್ನುವುದೇ ಮುಖ್ಯ. ಮೊದಲಿಗೇ ಬಂದರೆ ಇಡೀ ಪಾಠ ಅದರ ಸುತ್ತಲೇ ಗಿರಕಿ ಹೊಡೆಯುತ್ತದೆ. ಕೊನೆಗೆ ಬಂದರೆ, ಅಷ್ಟರಲ್ಲಿ ಕಲಿಯುವವರಿಗೇ ಅದು ಬೇಕಾಗಿರುತ್ತದೆ.

ನಿಯಮ ಹೇಳಿಕೊಟ್ಟು ವಾಕ್ಯಗಳನ್ನು ಅನುವಾದ ಮಾಡಿಸುವ ವ್ಯಾಕರಣ-ಅನುವಾದ ಪದ್ಧತಿಯನ್ನು ಬೈಯುವುದು ಸುಲಭ. ಆದರೆ ದೊಡ್ಡ ತರಗತಿಯಲ್ಲಿ ಒಂದು ಪುಸ್ತಕ, ಒಂದು ಕರಿಹಲಗೆ ಇಷ್ಟರಲ್ಲೇ ಅದು ನಡೆಯುತ್ತದೆ. ಓದಿ ಅರ್ಥಮಾಡಿಕೊಳ್ಳುವುದಷ್ಟೇ ಗುರಿಯಾದರೆ ಸಾಕು ಕೂಡ. ಅದು ಕೈಕೊಡುವುದು ಮಾತಿನಲ್ಲಿ. ಬಿಟ್ಟ ಸ್ಥಳದಲ್ಲಿ ‘ವೆಂಟ್’ ಎಂದು ಸರಿಯಾಗಿ ಬರೆದವರೇ, ನಿನ್ನೆ ಎಲ್ಲಿಗೆ ಹೋಗಿದ್ದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ‘ಯೆಸ್ಟರ್ಡೇ ಐ ಗೋ’ ಅನ್ನುತ್ತಾರೆ. ಮಾತಿನಲ್ಲಿ ಉತ್ತರಕ್ಕೆ ಸಿಗುವುದು ಒಂದೆರಡು ಸೆಕೆಂಡು. ಕನ್ನಡದಲ್ಲಿ ವಾಕ್ಯ ಕಟ್ಟಿ, ಕ್ರಿಯಾಪದವನ್ನು ಕೊನೆಯಿಂದ ನಡುವಿಗೆ ಎಳೆದು, ವಿಭಕ್ತಿ ಪ್ರತ್ಯಯ ಕಳಚಿ ಅದರ ಬದಲು ನಾಮಪದದ ಮುಂದೆ ‘ಟು’, ‘ಇನ್’ನಂಥ ಪ್ರಿಪೊಸಿಷನ್ ಕೂರಿಸುವಷ್ಟರಲ್ಲಿ ಆ ಸಮಯ ಕಳೆದಿರುತ್ತದೆ.

ಮಾತೃಭಾಷೆಯ ಸೊಲ್ಲೇ ಎತ್ತದ ನೇರ ಪದ್ಧತಿ ಚಿಕ್ಕ ಗುಂಪಿಗೆ, ಕಣ್ಣಿಗೆ ಕಾಣುವ ವಸ್ತುಗಳಿಗೆ ಚೆನ್ನ. ‘ಆಲ್ದೋ’ ಬಂದಾಗ ತೊಡಕು ಶುರು. ಐದು ನಿಮಿಷ ಅಭಿನಯಿಸಿದರೂ ಕೆಲವರು ಅದನ್ನು ‘ಬಿಕಾಸ್’ ಅಂದುಕೊಂಡೇ ಇರುತ್ತಾರೆ. ‘ಮಳೆ ಬಂದರೂ ಹೋದ’ ಅನ್ನುವಲ್ಲಿನ ‘ರೂ’ ಇದೇ ಎಂದು ಒಮ್ಮೆ ಹೇಳಿದರೆ ಮುಗಿಯಿತು. ಅಂಥ ಕಡೆ ಕನ್ನಡವನ್ನು ಹೊರಗಿಡುವುದು ಬರೀ ಹಟ.

ಒಂದೇ ಅಚ್ಚಿನ ವಾಕ್ಯಗಳನ್ನು ಮತ್ತೆ ಮತ್ತೆ ಹೇಳಿಸುವ, 1950-60ರ ದಶಕಗಳಲ್ಲಿ ಮೆರೆದ ಡ್ರಿಲ್ ಪದ್ಧತಿಗೆ ಈಗ ದಿನಕ್ಕೆ ಐದು ನಿಮಿಷ ಸಾಕು, ಅದೂ ಉಚ್ಚಾರಣೆಗೆ. ‘ಲುಕ್ಡ್’ ಎಂದು ಬರೆದರೂ ಕೊನೆಯ ಸದ್ದು ಟ್, ‘ಪ್ಲೇಡ್’ನಲ್ಲಿ ಡ್, ‘ವಾಂಟೆಡ್’ನಲ್ಲಿ ಇಡ್. ಇದು ನಾಲಿಗೆಗೆ ಕೂರಬೇಕಾದ ವಿಷಯ, ವಿವರಣೆಯಿಂದ ಬರುವುದಿಲ್ಲ. ವಾಕ್ಯರಚನೆಗೆ ಮಾತ್ರ ಡ್ರಿಲ್ ನಂಬಬೇಡಿ. ಅಚ್ಚಿನೊಳಗೆ ಅರ್ಥವೇ ಇಲ್ಲದ ಪದ ತುರುಕಿದರೂ ತರಗತಿ ಒಕ್ಕೊರಲಿನಿಂದ ಅದನ್ನೇ ಹೇಳುತ್ತದೆ. ಅರ್ಥ ತಲೆಗೆ ಹೋಗಿಯೇ ಇರುವುದಿಲ್ಲ.

ಹೆಚ್ಚು ಕಾಲ ಬಾಳಿಕೆ ಬಂದದ್ದು ಟಾಸ್ಕ್ ಪದ್ಧತಿ, ಅಂದರೆ ಇಂಗ್ಲಿಷ್ ಬಳಸಿ ಒಂದು ಕೆಲಸ ಮುಗಿಸುತ್ತಲೇ ಭಾಷೆ ಕಲಿಯುವುದು. ಭಾಷಾ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ, ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾದ ಪ್ರಯೋಗದಿಂದ ಇದಕ್ಕೆ ಗಟ್ಟಿ ನೆಲೆ ಸಿಕ್ಕಿತು. ಅಲ್ಲಿ ಮೊದಲು ಶಿಕ್ಷಕರು ಇಡೀ ತರಗತಿಯೊಂದಿಗೆ ಒಂದು ಟಾಸ್ಕ್ ಬಿಡಿಸುತ್ತಿದ್ದರು, ಆಮೇಲೆ ಅದೇ ಬಗೆಯ ಇನ್ನೊಂದನ್ನು ಮಕ್ಕಳು ತಾವೇ ಮಾಡುತ್ತಿದ್ದರು. ಟಾಸ್ಕ್ ಹದವಾಗಿದೆಯೇ ಎಂದು ತಿಳಿಯಲು ಪ್ರಭು ಅವರ ಅಂದಾಜು ಇಂದಿಗೂ ಉಪಯುಕ್ತ: ಸುಮಾರು ಅರ್ಧ ತರಗತಿಗೆ ಅರ್ಧದಷ್ಟಾದರೂ ಸರಿ ಬರಬೇಕು.

ರೈಲಿನ ವೇಳಾಪಟ್ಟಿಯನ್ನೇ ತೆಗೆದುಕೊಳ್ಳಿ. ಒಬ್ಬರ ಹಾಳೆಯಲ್ಲಿ ಹೊರಡುವ ಸಮಯ, ಇನ್ನೊಬ್ಬರದರಲ್ಲಿ ತಲುಪುವ ಸಮಯ. ಹತ್ತು ಗಂಟೆಯೊಳಗೆ ಊರು ಮುಟ್ಟಬೇಕು, ಗಾಡಿ ಬದಲಿಸುವಲ್ಲಿ ಅರ್ಧ ತಾಸಿಗಿಂತ ಹೆಚ್ಚು ಕಾಯಬಾರದು, ಯಾವ ಗಾಡಿ? ಹದಿನೈದು ನಿಮಿಷ ಪೂರ್ವಸಿದ್ಧತೆ, ಇಪ್ಪತ್ತು ನಿಮಿಷ ಟಾಸ್ಕ್, ಹತ್ತು ನಿಮಿಷ ವರದಿ, ಕೊನೆಯ ಹದಿನೈದು ವ್ಯಾಕರಣಕ್ಕೆ. ಟಾಸ್ಕ್ ನಡೆಯುವಾಗ ಯಾರನ್ನೂ ತಡೆಯಬೇಡಿ, ಕಿವಿಗೆ ಬಿದ್ದ ವಾಕ್ಯಗಳನ್ನು ಬರೆದುಕೊಳ್ಳಿ. ಅದರಲ್ಲಿ ಆರನ್ನು ಹಲಗೆಗೆ ಏರಿಸಿ, ನಾಲ್ಕು ತಪ್ಪಿನವು, ಎರಡು ಸರಿಯಾದವು. ಯಾವುದು ಯಾವುದೆಂದು ಅವರೇ ಹುಡುಕಲಿ. ‘ಟ್ರೇನ್ ರೀಚ್ ಅಟ್ ನೈನ್’ ಅನ್ನುವ ತಪ್ಪು ವಾಕ್ಯ ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ.

ಟಾಸ್ಕ್ ಹಾಳಾಗುವುದು ಹೆಚ್ಚಾಗಿ ಒಂದೇ ಜಾಗದಲ್ಲಿ: ಜೋಡಿಗಳು ಎರಡೇ ನಿಮಿಷದಲ್ಲಿ ಕನ್ನಡಕ್ಕೆ ಜಾರುತ್ತವೆ. ಅದಕ್ಕೆ ಶಿಸ್ತಿನ ಕೊರತೆ ಕಾರಣವಲ್ಲ. ಒಂದೋ ಬೇಕಾದ ಹತ್ತು-ಹನ್ನೆರಡು ಪದಗಳನ್ನು ಪೂರ್ವಸಿದ್ಧತೆಯಲ್ಲಿ ಕೊಟ್ಟಿರುವುದಿಲ್ಲ, ಇಲ್ಲವೇ ಹಾಳೆ ಪಕ್ಕದಲ್ಲಿಟ್ಟು ನೋಡಿದರೆ ಮಾತಿಲ್ಲದೆ ಉತ್ತರ ಸಿಗುವಂತಿರುತ್ತದೆ. ಎದುರು-ಬದುರು ಕೂರಿಸಿ, ನಡುವೆ ಒಂದು ಪುಸ್ತಕ ನಿಲ್ಲಿಸಿ. ಉತ್ತರ ಇಂಗ್ಲಿಷಿನಲ್ಲೇ ಬರೆದು ಕೊಡಬೇಕೆಂದು ಹೇಳಿ.

ನಿರರ್ಗಳತೆಗೆ ನಾಲ್ಕು-ಮೂರು-ಎರಡು ಅಭ್ಯಾಸ ಸೇರಿಸಲೇಬೇಕು. ಒಂದೇ ವಿಷಯವನ್ನು ಮೊದಲು ನಾಲ್ಕು ನಿಮಿಷ, ಆಮೇಲೆ ಮೂರು, ಕೊನೆಗೆ ಎರಡು ನಿಮಿಷದಲ್ಲಿ ಹೇಳಬೇಕು. ಪ್ರತಿ ಸಲವೂ ಕೇಳುವವರು ಬದಲಾಗಲಿ. ಕೇಳಿದವರೇ ಮತ್ತೆ ಕೂತರೆ ಹೇಳುವವರು ಅರ್ಧಂಬರ್ಧ ಹೇಳಿ ಮುಗಿಸುತ್ತಾರೆ.

ತಿದ್ದುವ ರೀತಿಯೂ ಬದಲಾಗಬೇಕು. ‘ಶಿ ಗೋ ಡೈಲಿ’ ಅಂದಾಗ ‘ಓ, ಶಿ ಗೋಸ್ ಡೈಲಿ’ ಎಂದು ಮೆತ್ತಗೆ ಸರಿಪಡಿಸಿ ಮುಂದೆ ಹೋಗುವುದು ಎಲ್ಲರಿಗೂ ರೂಢಿ. ಸಂಶೋಧಕರಾದ ಲಿಸ್ಟರ್ ಮತ್ತು ರಾಂಟಾ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಕ್ಷಕರು ಅತಿ ಹೆಚ್ಚು ಬಳಸಿದ್ದು ಇದನ್ನೇ, ವಿದ್ಯಾರ್ಥಿಗಳು ಅತಿ ಕಡಿಮೆ ಎತ್ತಿಕೊಂಡದ್ದೂ ಇದನ್ನೇ. ‘ಶಿ...’ ಎಂದು ನಿಲ್ಲಿಸಿ ಕಾಯಿರಿ. ಮೂರು ಸೆಕೆಂಡು ಮೌನ ಸಾಕು, ‘ಗೋಸ್’ ಅವರ ಬಾಯಿಂದಲೇ ಬರುತ್ತದೆ. ಬಾರದಿದ್ದರೆ ಅವರಿಗೆ ಆ ರೂಪ ಇನ್ನೂ ತಿಳಿದಿಲ್ಲ ಎಂದರ್ಥ, ಆಗ ಹೇಳಿಕೊಡಿ.

ಇಂಗ್ಲಿಷಿನ ‘ಎ’, ‘ದ’ ಆರ್ಟಿಕಲ್‌ಗಳು ಮಾತ್ರ ಈ ನಾಲ್ಕು ಪದ್ಧತಿಗಳಲ್ಲಿ ಯಾವುದಕ್ಕೂ ಬೇಗ ಬಗ್ಗಲಿಲ್ಲ. ಕನ್ನಡದಲ್ಲಿ ಅವಕ್ಕೆ ನೇರ ಸಮಾನ ಪದಗಳಿಲ್ಲ. ನಿಯಮದ ಪಟ್ಟಿಗಿಂತ, ಮಟ್ಟಕ್ಕೆ ತಕ್ಕ ಸರಳ ಪುಸ್ತಕಗಳ ದಿನನಿತ್ಯದ ಓದೇ ಅಲ್ಲಿ ನೆರವಾಗುತ್ತದೆ: ಪುಟವೊಂದಕ್ಕೆ ಗೊತ್ತಿಲ್ಲದ ಪದ ನಾಲ್ಕೈದು ದಾಟದಂಥವು.